ಚೆಂಡು ನುಂಗುವ ನೀಲಿ ಮುಖ

ಪಿಳ್ಳಮ್ಮನವರ ಎಡಗೈಗೆ ಎಡವಟ್ಟಾಗಿ ಆರು ವಾರ ಕಳೆದಿತ್ತು. ೨೦೧೨ರ ಚಳಿಗಾಲದ ಒಂದು ಬೆಳಿಗ್ಗೆ, ನಾಗಸಂದ್ರದ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರ ಕೈಯಿಂದ ಕಾಯಿ ತಾನಾಗಿ ಜಾರಿತು, ಬಾಯಿ ಬಲಕ್ಕೆ ವಾಲಿತು. ಮಗ ಲೋಕೇಶ್ ತಡಮಾಡದೆ ಆಸ್ಪತ್ರೆಗೆ ಹೊತ್ತೊಯ್ದದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಕಾಲು ಪೂರ್ತಿ ಸರಿಹೋಯಿತು, ಮಾತು ಮುಕ್ಕಾಲು ಸರಿಹೋಯಿತು. ಎಡಗೈಯ ಬೆರಳುಗಳು ಮಾತ್ರ ಮುಷ್ಕರ ಹೂಡಿದ ಕಾರ್ಮಿಕರಂತೆ ಸಾಲಾಗಿ ಮಲಗಿಬಿಟ್ಟವು.

ಚಿಕ್ಕಬಾಣಾವರದಿಂದ ದಿನ ಬಿಟ್ಟು ದಿನ ಸ್ಕೂಟಿಯಲ್ಲಿ ಬರುತ್ತಿದ್ದ ಫಿಸಿಯೋ ಕೃಪಾ ಲೋಕೇಶನನ್ನು ಗೇಟಿನ ಹತ್ತಿರ ನಿಲ್ಲಿಸಿ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಮೊದಲ ಮೂರು ತಿಂಗಳಲ್ಲಿ ಬೆರಳುಗಳನ್ನು ದುಡಿಸಿದಷ್ಟೂ ಲಾಭ. ಆಮೇಲೆ ಬರುವುದೇ ಇಲ್ಲವೆಂದಲ್ಲ, ಆದರೆ ಕಷ್ಟ. ಅಮ್ಮನಿಗೆ ತಾವಾಗಿ ಬೆರಳು ಎತ್ತಬೇಕು ಎನ್ನಿಸಬೇಕು, ಅದನ್ನು ಮಾತ್ರ ತನ್ನಿಂದ ಮಾಡಿಸಲು ಆಗುತ್ತಿಲ್ಲ.

ಪಿಳ್ಳಮ್ಮನವರಿಗೆ ಅನ್ನಿಸುತ್ತಲೇ ಇರಲಿಲ್ಲ. ಹತ್ತು ಹಸುಗಳ ಹಾಲು ಕರೆದ ಕೈಗೆ ಹಳದಿ ಸ್ಪಂಜಿನ ಚೆಂಡು ಕೊಟ್ಟು ಹಿಚುಕಿ ಎಂದರೆ ಅವಮಾನವಲ್ಲದೆ ಇನ್ನೇನು? ಮೊದಲ ದಿನ ಚೆಂಡನ್ನು ಬಲಗೈಯಿಂದ ಕಿಟಕಿಯಾಚೆ ಎಸೆದರು. ಎರಡನೆಯ ದಿನ ಕೊಟ್ಟ ಮಣಿ ಸರವನ್ನು ದೇವರ ಪಟಕ್ಕೆ ಹಾಕಿಸಿದರು. ಲೋಕೇಶ್ ಮಿಮಿಕ್ರಿಯಲ್ಲಿ ಪಳಗಿದವನು. ಕೃಪಾ ಹೋದ ಮೇಲೆ ಅವಳ ಹಾಗೆಯೇ ಕುತ್ತಿಗೆ ಕೊಂಕಿಸಿ, ಮೂಗಿನಲ್ಲಿ ರಾಗ ಎಳೆದು, “ಅಮ್ಮಾ, ಹಿಚುಕೀ, ಬಿಡೀ, ಗುಡ್, ವೆರಿ ಗುಡ್” ಎಂದು ಮಾಡಿ ತೋರಿಸುತ್ತಿದ್ದ. ಅಮ್ಮ ನಗುತ್ತಿದ್ದರು. ಬೆರಳು ನಗುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಪಿಳ್ಳಮ್ಮನವರು ಗೋಡೆ ನೋಡಿಕೊಂಡು ಹೇಳಿದರು:

“ಆ ಚೆಂಡಾಟ ಇದ್ದಿದ್ರೆ ಒತ್ತುತಿದ್ದೆ ಕಣ್ಲಾ. ಕಂಪ್ಯೂಟರ್‌ದು.”

ಲೋಕೇಶನ ಹೆಂಡತಿ ವೇಣಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಒಳಗೆ ಬಂದಳು. ಟಿವಿ ರಿಮೋಟನ್ನು ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎನ್ನುತ್ತಿದ್ದ ಅತ್ತೆಯ ಬಾಯಲ್ಲಿ ಕಂಪ್ಯೂಟರು! ಗಂಡ ಹೆಂಡತಿ ಇಬ್ಬರೂ ಕೂತು ಬಿಡಿಸಿ ಕೇಳಿದಾಗ ಒಂದು ಹಳೆಯ ಗುಟ್ಟು ಹೊರಗೆ ಬಂತು.

ಒಂಬತ್ತು ವರ್ಷಗಳ ಹಿಂದೆ ಇದೇ ಮನೆಯ ಕೆಳಗಿನ ಭಾಗವನ್ನು ಒಂದು ಕಂಪ್ಯೂಟರ್ ಸೆಂಟರಿಗೆ ಬಾಡಿಗೆಗೆ ಕೊಟ್ಟಿದ್ದರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಮನೆಗಳು ಬೆಳೆಯತೊಡಗಿದ್ದ ಕಾಲ ಅದು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸೆಂಟರಿಗೆ ಬಿಡುವು. ಬೀಗದ ಕೈ ಪಿಳ್ಳಮ್ಮನವರ ಬಳಿ. ಕಸ ಗುಡಿಸಿದಂತೆಯೂ ಆಯಿತು, ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆದಿದ್ದಾರೆಯೇ ನೋಡಿದಂತೆಯೂ ಆಯಿತು ಎಂದು ಒಳಗೆ ಹೋಗುತ್ತಿದ್ದರು. ಮೂಲೆಯ ಒಂದು ಕಂಪ್ಯೂಟರ್ ಮುಂದೆ ಯಾರೂ ಕೂರುತ್ತಿರಲಿಲ್ಲವಂತೆ. ಅದರ ಪರದೆಯ ಮೇಲೆ ಆಟದ ಗುರುತೊಂದು ಇತ್ತಂತೆ, ಒತ್ತಿದರೆ ಆಟ ತೆರೆದುಕೊಳ್ಳುತ್ತಿತ್ತಂತೆ. ಕೀಬೋರ್ಡಿನ ಎರಡು ಕಡೆ ಎರಡು ಕೀಲಿ ಒತ್ತಿದರೆ ಎರಡು ರೆಕ್ಕೆ ಎದ್ದು ಚೆಂಡನ್ನು ಮೇಲಕ್ಕೆ ಹೊಡೆಯುತ್ತವೆ. ಸೆಂಟರ್ ಮುಚ್ಚುವವರೆಗೂ, ಅಂದರೆ ಒಂದು ವರ್ಷ, ಪಿಳ್ಳಮ್ಮನವರು ದಿನವೂ ಆಡಿದ್ದರು. ಆಗ ಬದುಕಿದ್ದ ಯಜಮಾನರಿಗೂ ಗೊತ್ತಾಗಿರಲಿಲ್ಲ. ಆ ವರ್ಷ ನೆಲ ಮಾತ್ರ ಫಳಫಳ ಹೊಳೆಯುತ್ತಿತ್ತು ಎಂದು ಸೆಂಟರಿನವರು ಹೊಗಳಿದ್ದರಂತೆ.

ಆಟದ ಹೆಸರು ಕೇಳಿದರೆ ಇಂಗ್ಲಿಷಿನಲ್ಲಿತ್ತು ಎಂದರು. ಅಲ್ಲಿಗೆ ಹೆಸರಿನ ವಿಷಯ ಮುಗಿಯಿತು.

ಆದರೆ ಹೆಸರಿಲ್ಲದ ವಸ್ತುವನ್ನು ಹುಡುಕುವುದು ಲೋಕೇಶನಿಗೆ ಹೊಸದಲ್ಲ. ಪೀಣ್ಯ ಎರಡನೆಯ ಹಂತದಲ್ಲಿ ಅವನದೊಂದು ಪುಟ್ಟ ಸ್ಪ್ರಿಂಗ್ ವರ್ಕ್‌ಶಾಪು. ಬರುವ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಡ್ರಾಯಿಂಗ್ ತರುವುದಿಲ್ಲ. ತುಕ್ಕು ಹಿಡಿದ ಮುರುಕಲು ತುಂಡೊಂದನ್ನು ಪೇಪರಿನಲ್ಲಿ ಸುತ್ತಿ ತಂದು, “ಅಣ್ಣ, ಇದರ ಥರದ್ದೇ ಬೇಕು” ಎನ್ನುತ್ತಾರೆ. ಎಲ್ಲಿತ್ತು, ಎಷ್ಟು ಭಾರ ಹೊರುತ್ತಿತ್ತು, ಒತ್ತಿದರೆ ಹೇಗೆ ಎದ್ದು ಬರುತ್ತಿತ್ತು ಎಂದು ಕೇಳಿ ಕೇಳಿಯೇ ಇಡೀ ಸ್ಪ್ರಿಂಗನ್ನು ಮತ್ತೆ ಹುಟ್ಟಿಸುವುದು ಅವನ ಕೆಲಸ. ಅಮ್ಮನ ನೆನಪೂ ಒಂದು ಮುರುಕಲು ತುಂಡು, ಅಷ್ಟೆ ತಾನೆ ಎಂದು ವರ್ಕ್‌ಶಾಪಿನ ನೋಟ್‌ಬುಕ್ ಹಿಡಿದು ಕೂತ.

ಪಿಳ್ಳಮ್ಮನವರ ನೆನಪಿನಲ್ಲಿ ಇದ್ದದ್ದಿಷ್ಟು. ನಡುವೆ ಒಂದು ಕಪ್ಪು ಬೆಟ್ಟ. ಬೆಟ್ಟದ ತುದಿಯಲ್ಲಿ ಹಸಿರು ಚಂದ್ರ. ಪಕ್ಕದಲ್ಲಿ ನೀಲಿ ಹಸುಗಳು. ಬೆಟ್ಟದ ಕೆಳಗೆ ದೊಡ್ಡದೊಂದು ನೀಲಿ ಮುಖ, ತಲೆಯ ಮೇಲೆ ಗರಿ, ಕುತ್ತಿಗೆಗೆ ಹಾರ. ಚೆಂಡು ಹತ್ತಿರ ಬಂದರೆ ಅವನು ಬಾಯಿ ತೆರೆಯುತ್ತಾನೆ, ಚೆಂಡು ಒಳಗೆ ಹೋಗುತ್ತದೆ, ಬಾಯೊಳಗೆ ನಕ್ಷತ್ರ ಮಿನುಗುತ್ತವೆ.

“ಯಾರು ಅಂತ ನಾನು ಏಳ್ಬೇಕೇನ್ಲಾ? ಮಣ್ಣು ತಿಂದು ತಾಯಿಗೆ ಬಾಯಿ ತೆಗೆದು ತೋರ್ಸುದ್ನಲ್ಲ, ಅವನೇಯ. ಬೆಟ್ಟ ಗೋವರ್ಧನಗಿರಿ. ನಾನು ಚಪ್ಪಲಿ ಬಿಟ್ಟೇ ಕೂರ್ತಿದ್ದೆ.”

ಲೋಕೇಶ್ ‘ಕೃಷ್ಣ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಸದ್ದೇನಾದರೂ ಬರುತ್ತಿತ್ತೇ ಎಂದು ಕೇಳಿದ. ಅಮ್ಮ ವಾಲಿದ ಬಾಯಲ್ಲೇ ಮಾಡಿ ತೋರಿಸಿದರು. ಮೊದಲು ಮೂರು ಸಲ ‘ಖೊಕ್ ಖೊಕ್ ಖೊಕ್’, ಆಮೇಲೆ ಉದ್ದಕ್ಕೆ ಬಾವಿ ರಾಟೆಯಂತೆ ಕಿರುಗುಟ್ಟುವ ‘ಕೀ’. ಮಿಮಿಕ್ರಿ ತನಗೆ ಯಾರ ಕಡೆಯಿಂದ ಬಂತೆಂದು ಲೋಕೇಶನಿಗೆ ಆವತ್ತು ತಿಳಿಯಿತು.

ವೇಣಿ ಗಾರ್ಮೆಂಟ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪನ್ನು ಕೇಳಿ ಪಡೆದು ತಂದಳು. ಅದರ ಸ್ಪೀಕರ್ ಸತ್ತಿತ್ತು, ಮಿಕ್ಕದ್ದೆಲ್ಲ ಬದುಕಿತ್ತು. ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಅಯ್ಯೋ, ಅದು ಕಂಪ್ಯೂಟರ್ ಜೊತೆಗೇ ಬರುತ್ತಿದ್ದ ಆ ಆಕಾಶನೌಕೆಯ ಪಿನ್‌ಬಾಲ್ ಕಣ್ರೀ, ನಾವೆಲ್ಲ ಆಡಿದ್ದೀವಿ. ಹಾಕಿ ತೋರಿಸಿದರೆ ಪಿಳ್ಳಮ್ಮನವರು ಒಂದು ಕಣ್ಣಲ್ಲಿ ನೋಡಿ ಅಲ್ಲವೆಂದರು. ಅಂತರ್ಜಾಲದಲ್ಲಿ ಕೃಷ್ಣ, ಪಿನ್‌ಬಾಲ್ ಎಂಬ ಎರಡು ಪದಗಳನ್ನು ಜೋಡಿಸಿ ಹುಡುಕಿದರೆ ಕೃಷ್ಣನ ಕ್ಯಾಲೆಂಡರುಗಳು ಸಿಕ್ಕವು. ಹಳೆಯ ಆಟಗಳ ಹುಚ್ಚಿರುವವರ ತಾಣವೊಂದರಲ್ಲಿ ವೇಣಿ ತನ್ನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದು ಹಾಕಿದಳು. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಇಪ್ಪತ್ತಮೂರು ಆಟಗಳ ಚಿತ್ರ ಕಳಿಸಿ, ನೀಲಿ ಹಸುವಿನ ಆಟ ತನಗೂ ಬೇಕು, ಸಿಕ್ಕರೆ ದಯವಿಟ್ಟು ತಿಳಿಸಿ ಎಂದು ಬೇಡಿಕೊಂಡ. ಇಪ್ಪತ್ತಮೂರಕ್ಕೂ ಅಮ್ಮ ತಲೆ ಆಡಿಸಿದರು, ಅಡ್ಡಕ್ಕೆ.

ಹೀಗೆ ಎರಡು ವಾರ ಹೋಯಿತು. ಬೆರಳು ಹಾಗೇ ಇತ್ತು.

ಕೊನೆಗೆ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ಸಿದ್ಧಾರ್ಥ್ ಎಂಬಾತನ ನಂಬರು ಸಿಕ್ಕಿತು. ಈಗ ಬ್ರೂಕ್‌ಫೀಲ್ಡಿನಲ್ಲಿದ್ದ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ನಡುವೆ ನುಸುಳಿ, ಊರಿನ ಈ ತುದಿಯಿಂದ ಆ ತುದಿಗೆ ಬೈಕಿನಲ್ಲಿ ಹೋಗಿ ಬರುವಷ್ಟರಲ್ಲಿ ಲೋಕೇಶನ ಬಿಳಿ ಅಂಗಿ ಕಾವಿಯಾಗಿತ್ತು. ಆದರೆ ಕೈಯಲ್ಲಿ ಒಂದು ಸಿಡಿ ಇತ್ತು. ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೊಂಡದ್ದಂತೆ, ಸೆಂಟರಿನ ಎಲ್ಲ ಆಟಗಳೂ ಇದರಿಂದಲೇ ಹಾಕಿದ್ದಂತೆ. ಕೃಷ್ಣನ ಆಟ ಮಾತ್ರ ನನಗೆ ನೆನಪಿಲ್ಲ ಸಾರ್, ಆದರೆ ಮೇಡಂ ಆಡಿದ್ದರೆ ಇದರಲ್ಲೇ ಇರಬೇಕು ಎಂದಿದ್ದ. ನೆಲ ಹೊಳೆಯುತ್ತಿದ್ದ ಕಾರಣ ತಿಳಿದು ಬಹಳ ಹೊತ್ತು ನಕ್ಕಿದ್ದ.

ಸಿಡಿಯಲ್ಲಿ ನಾಲ್ಕು ಚೆಂಡಾಟಗಳಿದ್ದವು. ಮೊದಲನೆಯದು ಕಾರುಗಳದ್ದು. ಅಮ್ಮ ಅಲ್ಲವೆಂದರು. ಎರಡನೆಯದು ಸಮುದ್ರದ್ದು. ಅಲ್ಲ. ಮೂರನೆಯದು ಸರ್ಕಸ್ಸಿನದು: ಕೆಂಪು ಡೇರೆ, ಅದರ ತುದಿಯಲ್ಲಿ ಹಳದಿ ಗುಂಡು ದೀಪ, ಬಿಳಿ ಕುದುರೆಗಳು, ಟೋಪಿಗೆ ಗರಿ ಸಿಕ್ಕಿಸಿ ಕುತ್ತಿಗೆಗೆ ನಿರಿಗೆ ಪಟ್ಟಿ ಸುತ್ತಿಕೊಂಡಿದ್ದ, ಮುಖಕ್ಕೆ ಸುಣ್ಣ ಬಳಿದುಕೊಂಡಂತಿದ್ದ, ಕೆಂಪು ಮೂಗಿನ ಜೋಕರ್ ಒಬ್ಬ. ಪಿಳ್ಳಮ್ಮನವರು ಥೂ ಎಂದು ಮುಖ ತಿರುಗಿಸಿದರು. ನಾಲ್ಕನೆಯದು ಭೂತಬಂಗಲೆ. ಅದನ್ನು ಅವರು ನೋಡಲೂ ಇಲ್ಲ.

“ಬಿಟ್ಬಿಡ್ಲಾ ಲೋಕೇಸ,” ಎಂದರು. “ನಂದೇ ಬ್ರಮೆ ಇರ್ಬೇಕು.”

ಆಮೇಲೆ ಕೃಪಾ ಬಂದರೂ ಏಳಲಿಲ್ಲ. ಆಟದ ಮಾತೆತ್ತಿದರೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದರು. ಎಡಗೈಯನ್ನು ಯಾರದೋ ಸಾಮಾನು ತಮ್ಮ ಮನೆಯಲ್ಲಿ ಬಿಟ್ಟುಹೋಗಿರುವಂತೆ ಪಕ್ಕಕ್ಕೆ ಸರಿಸಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಿದಾಗ ಲೋಕೇಶನಿಗೆ ಯಾರ ಮಿಮಿಕ್ರಿಯೂ ಬರುತ್ತಿರಲಿಲ್ಲ.

ಸಿದ್ಧಾರ್ಥನಿಗೆ ವಿಷಯ ತಿಳಿಸಲು ಫೋನ್ ಮಾಡಿದವನು ಮಾತಿನ ನಡುವೆ, ಇನ್ನೇನು ಫೋನ್ ಇಡಬೇಕು ಎನ್ನುವಾಗ, ಅಮ್ಮ ಮಾಡಿದ ಸದ್ದನ್ನು ಮಾಡಿ ತೋರಿಸಿದ. ಮೂರು ಖೊಕ್, ಒಂದು ಕೀ.

“ಸಾರ್, ಇನ್ನೊಂದ್ಸಲ ಮಾಡಿ,” ಎಂದ ಸಿದ್ಧಾರ್ಥ್. ಮಾಡಿದ. “ಅದು ಜೋಕರ್ ನಗೋದು ಸಾರ್. ಸರ್ಕಸ್ ಆಟದ್ದು. ಹುಡುಗ್ರು ಅದೇ ಥರ ನಕ್ಕೊಂಡು ನನ್ನ ರೇಗಿಸ್ತಿದ್ರು. ಸತ್ರೂ ಮರೆಯಲ್ಲ.”

ಅಲ್ಲಿಗೆ ಪೇಚಾಟ ಶುರುವಾಯಿತು. ಕಿವಿಯ ಪ್ರಕಾರ ಅದು ಮೂರನೆಯ ಆಟ, ಕಣ್ಣಿನ ಪ್ರಕಾರ ಅಲ್ಲವೇ ಅಲ್ಲ. ಸ್ಪೀಕರ್ ಸತ್ತ ಲ್ಯಾಪ್‌ಟಾಪಿನಲ್ಲಿ ಅಮ್ಮ ನಗುವನ್ನು ಕೇಳಿರಲೇ ಇಲ್ಲ, ಮುಖ ಮಾತ್ರ ನೋಡಿದ್ದರು.

ಮರುದಿನ ವರ್ಕ್‌ಶಾಪಿನಲ್ಲಿ ಹೊಸ ಆರ್ಡರಿನ ಸ್ಪ್ರಿಂಗುಗಳೆಲ್ಲ ಅಳತೆ ತಪ್ಪಿದ್ದವು. ಲೋಕೇಶ್ ತಂತಿಯನ್ನು ಬೈದ, ಮಿಷನ್ನನ್ನು ಬೈದ, ಮಿಷನ್ ಮಾರಿದವನನ್ನು ಅವನದೇ ದನಿಯಲ್ಲಿ ಬೈದ. ಅಪ್ಪನ ಕಾಲದಿಂದ ಜೊತೆಗಿದ್ದ ಕೆಲಸಗಾರ ಮುದಕಪ್ಪ ಬೀಡಿ ಕೆಳಗಿಟ್ಟು, ಅಳೆಯುವ ವರ್ನಿಯರನ್ನು ಕೈಗೆ ತೆಗೆದುಕೊಂಡ. ಅದರ ಎರಡು ತುಟಿಗಳನ್ನು ಖಾಲಿಯಾಗಿ ಕೂಡಿಸಿ ಬೆಳಕಿಗೆ ಹಿಡಿದ. ಸೊನ್ನೆ ಇರಬೇಕಾದ ಕಡೆ ಸೊನ್ನೆ ಇರಲಿಲ್ಲ.

“ಒಂದೆರಡು ಪೀಸ್ ತಪ್ಪಾದ್ರೆ ಪೀಸಿನ ತಪ್ಪು. ಎಲ್ಲಾ ಪೀಸೂ ಒಂದೇ ಅಷ್ಟು ತಪ್ಪಾದ್ರೆ ಅಳೆಯೋದ್ರ ತಪ್ಪು,” ಎಂದ. “ನೀನೇ ಏಳ್ತಿದ್ಯಲ್ಲಪ್ಪ ಎಲ್ರಿಗೂವೆ.”

ಲೋಕೇಶ್ ವರ್ನಿಯರ್ ಹಿಡಿದುಕೊಂಡೇ ಬೈಕ್ ಹತ್ತಿದ. ಮನೆಗೆ ಬಂದು, ಮಲಗಿದ್ದ ಅಮ್ಮನನ್ನು ಎಬ್ಬಿಸಿ, ಆಟ ಮುಗಿದ ಮೇಲೆ ಹೇಗೆ ಮುಚ್ಚುತ್ತಿದ್ದೆ ಎಂದು ಕೇಳಿದ. ಅದೇನು ಬ್ರಹ್ಮವಿದ್ಯೆಯೇ, ಬಲಗಡೆ ಮೇಲಿನ ಮೂಲೆಯ ಕಪ್ಪು ಗುಂಡಿ ಒತ್ತುತ್ತಿದ್ದೆ ಎಂದರು ಪಿಳ್ಳಮ್ಮ.

ವೇಣಿ ಲ್ಯಾಪ್‌ಟಾಪ್ ತೆರೆದು ನೋಡಿದಳು. ಮೂಲೆಯ ಗುಂಡಿ ಕೆಂಪಗಿತ್ತು. ಆಫೀಸಿನ ಕಂಪ್ಯೂಟರಿನಲ್ಲೂ ಅದು ಕೆಂಪು, ತಾನು ಕಂಡ ಕಂಪ್ಯೂಟರುಗಳಲ್ಲೆಲ್ಲ ಕೆಂಪೇ ಎಂದಳು.

ಅಮ್ಮನ ನೆನಪು ತಪ್ಪಿರಲಿಲ್ಲ. ತಪ್ಪಿದ್ದದ್ದು ಪರದೆ. ಮೂಲೆಯ ಆ ಕಂಪ್ಯೂಟರಿನ ಮುಂದೆ ಯಾರೂ ಯಾಕೆ ಕೂರುತ್ತಿರಲಿಲ್ಲ ಎಂದು ಕೇಳಿದಾಗ ಸಿದ್ಧಾರ್ಥ್ ಫೋನಿನಲ್ಲೇ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಆ ಮಾನಿಟರಿನ ಕೇಬಲ್ಲಿನಲ್ಲಿ ಒಂದು ಪಿನ್ನು ಮುರಿದಿತ್ತು. ಹದಿನೈದು ಪಿನ್ನುಗಳಲ್ಲಿ ಮೊದಲನೆಯದು ಕೆಂಪು ಬಣ್ಣದ್ದು. ಅದಿಲ್ಲದಿದ್ದರೆ ಕೆಂಪೆಲ್ಲ ಕಪ್ಪು, ಹಳದಿಯೆಲ್ಲ ಹಸಿರು, ಬಿಳಿಯೆಲ್ಲ ನೀಲಿ. ಹುಡುಗರು ಅದರಲ್ಲಿ ಕೂರಲು ಒಪ್ಪುತ್ತಿರಲಿಲ್ಲ. ಪಿಳ್ಳಮ್ಮನವರು ಬದುಕಿನಲ್ಲಿ ನೋಡಿದ ಮೊದಲ ಕಂಪ್ಯೂಟರ್ ಅದೇ, ಲೋಕದ ಕಂಪ್ಯೂಟರುಗಳೆಲ್ಲ ಹಾಗೇ ಇರುತ್ತವೆ ಎಂದು ತಿಳಿದಿದ್ದರು. ಪಿನ್‌ಬಾಲ್ ಕಳೆದುಹೋದದ್ದು ಒಂದು ಪಿನ್ನಿನಿಂದ. ಸುಣ್ಣ ಬಳಿದ ಜೋಕರ್ ನೀಲಮೇಘಶ್ಯಾಮನಾಗಿದ್ದ, ಡೇರೆ ಗೋವರ್ಧನವಾಗಿತ್ತು, ಸರ್ಕಸ್ಸಿನ ಕುದುರೆಗಳು ಗೋಕುಲ ಸೇರಿದ್ದವು.

ಲೋಕೇಶ್ ಸಂತೆಯಲ್ಲಿ ಕಳೆದ ಮಗು ಸಿಕ್ಕವನಂತೆ ಕುಣಿದ. ಕುಣಿದವನು ಅರ್ಧದಲ್ಲೇ ನಿಂತ. ಒಂದು ವರ್ಷ ಚಪ್ಪಲಿ ಬಿಟ್ಟು ದೇವರೆಂದು ಕೂತವರಿಗೆ, ಅಮ್ಮ, ಅದು ಸರ್ಕಸ್ಸಿನ ಕೋಡಂಗಿ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿಬಿಡಿ ಎಂದಳು ವೇಣಿ. ಅವನಿಗೆ ಧೈರ್ಯ ಬರಲಿಲ್ಲ. ಪೀಣ್ಯದ ಗುಜರಿ ಅಂಗಡಿಯಿಂದ ಡಬ್ಬದಂಥ ಹಳೆಯ ಮಾನಿಟರ್ ತಂದು, ಲ್ಯಾಪ್‌ಟಾಪಿಗೆ ಅದನ್ನೂ ಬೇರೆ ಸ್ಪೀಕರನ್ನೂ ಜೋಡಿಸಿ, ಕೇಬಲ್ಲಿನ ಮೊದಲ ಪಿನ್ನನ್ನು ಇಕ್ಕಳದಿಂದ ತಾನೇ ಕಿತ್ತ. ಪರದೆಯ ಮೇಲೆ ನೀಲಿ ಮುಖ ಮೂಡಿ ಖೊಕ್ ಖೊಕ್ ಎಂದಿತು.

ಪಿಳ್ಳಮ್ಮನವರು ಎದ್ದು ಕೂತರು. ಕಣ್ಣಲ್ಲಿ ನೀರು ಬಂತು. ಬಲಗೈಯಿಂದ ಎಡಗೈಯನ್ನು ಎತ್ತಿ ಕೀಲಿಯ ಮೇಲೆ ತಾವೇ ಇಟ್ಟುಕೊಂಡರು. ಆವತ್ತು ಫಿಸಿಯೋಗಿಂತ ಪಿಸಿಯೇ ವಾಸಿ ಎಂದು ಲೋಕೇಶ್ ಅಂದದ್ದಕ್ಕೆ ಕೃಪಾ ಕೂಡ ನಕ್ಕಳು.

ನಗು ಒಂದು ವಾರದಲ್ಲಿ ಆರಿತು. ಅಮ್ಮ ದಿನವೂ ಕೂರುತ್ತಿದ್ದರು, ಆಡುತ್ತಿದ್ದರು. ಬಲ ರೆಕ್ಕೆ ಪಟಪಟ ಏಳುತ್ತಿತ್ತು. ಚೆಂಡು ಎಡಕ್ಕೆ ಬಂದರೆ ಮಾತ್ರ ಬೆರಳು ಅಲುಗದು, ಚೆಂಡು ತೂತಿಗೆ ಬಿದ್ದುಹೋಗುವುದು, ಅಮ್ಮ ಶಾಂತವಾಗಿ ಕೈಬಿಡುವರು. ಅವನ ಪಾಲು ಅವನು ತೆಗೆದುಕೊಂಡ, ತೆಗೆದುಕೊಳ್ಳಲಿ ಎನ್ನುವರು. ಕೃಪಾ ಗೇಟಿನ ಹತ್ತಿರ ಮತ್ತೆ ನಿಲ್ಲಿಸಿದಳು.

“ಸಾರ್, ಅಮ್ಮ ಬೇಕು ಅಂತಲೇ ಸೋಲ್ತಿದ್ದಾರೆ. ಮೂರು ತಿಂಗಳು ಮುಗಿಯೋಕೆ ಇನ್ನು ಮೂರೇ ವಾರ ಇದೆ.”

ಲೋಕೇಶನಿಗೆ ಅರ್ಥವಾಯಿತು. ದೇವರ ಎದುರು ಗೆಲ್ಲಬೇಕೆಂದು ಅಮ್ಮ ಯಾಕೆ ಹಟ ಹಿಡಿದಾರು? ತಾನು ಕರುಣೆ ಎಂದುಕೊಂಡು ಕಿತ್ತ ಪಿನ್ನು ಅಮ್ಮನ ಬೆರಳನ್ನೇ ಕಟ್ಟಿಹಾಕಿತ್ತು.

ಅಂದು ಸಂಜೆ ಅಮ್ಮನ ಕಾಲ ಬಳಿ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಪಿನ್ನು ತಾನೇ ಕಿತ್ತದ್ದನ್ನೂ ಹೇಳಿದ. ಯಾರ ದನಿಯನ್ನೂ ಎರವಲು ಪಡೆಯದೆ ತನ್ನ ಸ್ವಂತ ದನಿಯಲ್ಲಿ ಇಷ್ಟು ಉದ್ದ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ವೇಣಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಒಲೆಯ ಮೇಲೆ ಕುಕ್ಕರ್ ಎರಡು ಸಲ ಕೂಗಿತು.

“ತೋರ್ಸು ಅವನ್ನ,” ಎಂದರು ಪಿಳ್ಳಮ್ಮ.

ಒಳ್ಳೆಯ ಕೇಬಲ್ ಹಾಕಿದ. ಬೆಟ್ಟ ಕೆಂಪಾಗಿ ಉರಿಯಿತು, ಹಸುಗಳು ಬಿಳಿ ಕುದುರೆಗಳಾದವು, ನಡುವೆ ಮೂಗು ಕೆಂಪಗೆ ಮಾಡಿಕೊಂಡು ಜೋಕರ್ ಹಲ್ಲು ಕಿರಿದ. ಪಿಳ್ಳಮ್ಮನವರು ಬಹಳ ಹೊತ್ತು ಅವನನ್ನೇ ದಿಟ್ಟಿಸಿದರು. ಬಾಡಿಗೆಗೆ ಬಂದು ಗೋಡೆಗೆ ಮೊಳೆ ಹೊಡೆದವರನ್ನು ನೋಡುವ ನೋಟ ಅದು. ಜೋಕರ್ ಖೊಕ್ ಖೊಕ್ ಖೊಕ್ ಎಂದ.

“ವರ್ಸವೆಲ್ಲ ನನ್ನ ನೋಡೇ ನಗ್ತಿದ್ದೇನೋ, ಸುಣ್ಣದ ಮೂತಿಯವ್ನೇ,” ಎಂದರು. ವಾಲಿದ ತುಟಿ ನಡುಗಿತು. ಅಳುತ್ತಾರೇನೋ ಎಂದು ಲೋಕೇಶ್ ಹತ್ತಿರ ಸರಿದ. ಅಮ್ಮ ನಗುತ್ತಿದ್ದರು. ನಗುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೆಂಡು ಬಿಡು ಎಂದರು.

ಬಿಟ್ಟ. ಬಲಕ್ಕೆ ಬಂದದ್ದನ್ನು ಹೊಡೆದರು. ಎಡಕ್ಕೆ ಬಂದದ್ದು ಬಿತ್ತು. ಈ ಸಲ ಅದು ಯಾರ ಪಾಲೂ ಆಗಲಿಲ್ಲ. ಊರ ದನ ತೋಟಕ್ಕೆ ನುಗ್ಗಿದಾಗ ಬೈಯುವ ಬೈಗುಳವೊಂದು ಜೋಕರನಿಗೆ ಬಿತ್ತು. ಎರಡನೆಯದೂ ಎಡಕ್ಕೆ, ಅದೂ ಬಿತ್ತು, ಇನ್ನೂ ದೊಡ್ಡ ಬೈಗುಳ. ಹನ್ನೊಂದನೆಯದೋ ಹನ್ನೆರಡನೆಯದೋ ಚೆಂಡು ಡೇರೆಗೆ ಬಡಿದು, ಕುದುರೆಗೆ ಬಡಿದು, ಎಡಗಡೆಗೆ ನಿಧಾನವಾಗಿ ಉರುಳತೊಡಗಿತು. ಪಿಳ್ಳಮ್ಮನವರು ಹಲ್ಲು ಕಚ್ಚಿದ್ದರು. ಕುತ್ತಿಗೆಯ ನರ ಉಬ್ಬಿತ್ತು. ಲೋಕೇಶ್ ಪರದೆ ನೋಡುವುದನ್ನು ಬಿಟ್ಟು ಕೈ ನೋಡುತ್ತಿದ್ದ. ತೋರುಬೆರಳು ಮೊದಲು ಒಂದಿಷ್ಟು ಬಿಳಿಚಿಕೊಂಡಿತು. ಆಮೇಲೆ ಟಕ್ ಎಂದು ಕೀಲಿ ಕೆಳಗೆ ಹೋಯಿತು.

ಅಷ್ಟರಲ್ಲಿ ಚೆಂಡು ತೂತಿಗೆ ಬಿದ್ದಾಗಿತ್ತು. ಖಾಲಿ ಜಾಗದಲ್ಲಿ ಎಡ ರೆಕ್ಕೆ ಒಂದೇ ಮೇಲಕ್ಕೆದ್ದು ನಿಂತಿತ್ತು.

ಅತ್ತೆ, ಎದ್ದಿತು ನೋಡಿ ಎಂದು ವೇಣಿ ಬಾಗಿಲಿಂದ ಓಡಿ ಬಂದಳು. ಲೋಕೇಶ್ ಕೃಪಾಗೆ ಫೋನ್ ಮಾಡಲು ಜೇಬು ತಡಕಿದ. ಪಿಳ್ಳಮ್ಮನವರಿಗೆ ಅದೊಂದೂ ಕಾಣಲಿಲ್ಲ. ಕಣ್ಣು ಜೋಕರನ ಮೇಲೆಯೇ ಇತ್ತು.

“ಲೇಟಾಯ್ತು ಕಣ್ಲಾ, ಒಂದ್ ಚೂರು,” ಎಂದರು. “ಇನ್ನೊಂದು ಬಿಡು.”